ಸಭೆ ಬೇಡವೆಂದಿತು, ಊರು ಉಳಿಸಿಕೊಂಡಿತು: ನೆದರ್ಲೆಂಡ್ಸಿನ ಪೈಪ್ ಆರ್ಗನ್

ಸಂಗೀತಾಸಕ್ತರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕಿಳಿಸಿದ್ದೇನೆ. ಅಂದು ನಡುನಡುವೆ ಕೇಳಿಸಿದ ಧ್ವನಿಮುದ್ರಣಗಳನ್ನು ಕಾಗದದ ಮೇಲೆ ತರಲಾಗದಾದ್ದರಿಂದ ಅವುಗಳ ಜಾಗದಲ್ಲಿ ಅಲ್ಲಲ್ಲಿ ಒಂದೆರಡು ವಾಕ್ಯಗಳ ವಿವರಣೆ ಸೇರಿದೆ. ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಉಳಿಸಿಕೊಂಡಿದ್ದೇನೆ.

ಆಮ್‌ಸ್ಟರ್‌ಡ್ಯಾಮ್‌ನಿಂದ ಉತ್ತರಕ್ಕೆ ಹೋಗುವ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಅಲ್ಕ್‌ಮಾರ್ ಎಂಬ ಊರು ಬರುತ್ತದೆ. ಪ್ರವಾಸಿಗಳಿಗೆ ಅದು ಚೀಸ್ ಸಂತೆಯ ಊರು. ಆ ಊರಿನ ಸಂತ ಲಾರೆನ್ಸರ ಹೆಸರಿನ ದೊಡ್ಡ ಚರ್ಚಿನಲ್ಲಿ ಎರಡು ಪೈಪ್ ಆರ್ಗನ್‌ಗಳಿವೆ. ಒಂದು ಚಿಕ್ಕದು; ಯಾನ್ ವಾನ್ ಕೋವೆಲೆನ್ಸ್ ಎಂಬ ಕುಶಲಕರ್ಮಿ 1511ರಲ್ಲಿ ಕಟ್ಟಿದ್ದು; ನುಡಿಸಬಹುದಾದ ಸ್ಥಿತಿಯಲ್ಲಿರುವ ಆರ್ಗನ್‌ಗಳಲ್ಲಿ ಆ ದೇಶದಲ್ಲೇ ಅತ್ಯಂತ ಹಳೆಯದೆಂದು ಹೆಸರಾದದ್ದು. ಇನ್ನೊಂದು ಚರ್ಚಿನ ಪಶ್ಚಿಮದ ಗೋಡೆಯನ್ನೆಲ್ಲ ತುಂಬಿಕೊಂಡು ನಿಂತಿರುವ ಭಾರೀ ವಾದ್ಯ. 1639ರಲ್ಲಿ ಕೆಲಸ ಆರಂಭವಾಗಿ 1640ರ ದಶಕದ ನಡುವೆ ಮುಗಿದದ್ದು. ಚಿಕ್ಕದನ್ನು ಮಾಡಿಸಿದ್ದು ಕ್ಯಾಥೊಲಿಕ್ ಊರು, ದೊಡ್ಡದನ್ನು ಮಾಡಿಸಿದ್ದು ಪ್ರಾಟೆಸ್ಟಂಟ್ ಊರು. ಇವೆರಡರ ನಡುವಿನ ನೂರಮೂವತ್ತು ವರ್ಷಗಳಲ್ಲಿ ಆ ನಾಡಿನ ಧರ್ಮಸಭೆ, ಪೂಜೆಯಲ್ಲಿ ಆರ್ಗನ್ ಕೂಡದೆಂದು ವಿಧಿಸಿತ್ತು. ಬೇಡವೆಂದ ಮೇಲೆ ಇನ್ನೂ ದೊಡ್ಡದನ್ನು ಕಟ್ಟಿದ್ದೇಕೆ ಎಂಬುದೇ ನಾನು ಇಂದು ಬಿಡಿಸಲು ಯತ್ನಿಸುವ ಗಂಟು.

ಮೊದಲು ವಾದ್ಯದ ಒಳಗನ್ನು ಸ್ವಲ್ಪ ನೋಡೋಣ. ನಮಗೆ ಪರಿಚಿತವಾದ ಹಾರ್ಮೋನಿಯಂಗೂ ಆರ್ಗನ್‌ಗೂ ತಿದಿ ಮತ್ತು ಕೀಲಿಮಣೆ ಸಾಮಾನ್ಯವಾದರೂ ನಾದ ಹುಟ್ಟುವ ಬಗೆ ಬೇರೆ. ಹಾರ್ಮೋನಿಯಂನಲ್ಲಿ ಕಂಪಿಸುವುದು ಹಿತ್ತಾಳೆಯ ರೀಡು. ಆರ್ಗನ್ನಿನ ಬಹುಪಾಲು ಕೊಳವೆಗಳಲ್ಲಿ ಕಂಪಿಸುವುದು ಕೊಳವೆಯೊಳಗಿನ ಗಾಳಿ, ಕೊಳಲಿನಲ್ಲಿ ಆಗುವಂತೆ. ಆದರೆ ಕೊಳಲಿಗೆ ರಂಧ್ರಗಳಿವೆ, ಒಂದೇ ಬಿದಿರು ಹಲವು ಸ್ವರಗಳನ್ನು ಕೊಡುತ್ತದೆ. ಆರ್ಗನ್ನಿನ ಒಂದು ಕೊಳವೆ ಒಂದೇ ಸ್ವರವನ್ನು, ಒಂದೇ ಬಣ್ಣದಲ್ಲಿ ಕೊಡುತ್ತದೆ. ಹಾಗಾಗಿ ಪ್ರತಿಯೊಂದು ಕೀಲಿಗೆ, ಪ್ರತಿಯೊಂದು ನಾದವರ್ಣಕ್ಕೆ ಬೇರೆ ಬೇರೆ ಕೊಳವೆ ಬೇಕು. ಒಂದು ನಾದವರ್ಣದ ಕೊಳವೆಗಳ ಸಾಲನ್ನು ಸ್ಟಾಪ್ ಎನ್ನುತ್ತಾರೆ. ಕೊಳವೆಗಳು ನಿಂತಿರುವ ಗಾಳಿಪೆಟ್ಟಿಗೆಯ ಮೇಲ್ಭಾಗದಲ್ಲಿ ತೂತುಗಳಿರುವ ಮರದ ಉದ್ದನೆಯ ಪಟ್ಟಿಗಳಿರುತ್ತವೆ; ವಾದಕ ಪಕ್ಕದ ಗುಬುಟನ್ನು ಎಳೆದಾಗ ಪಟ್ಟಿ ಜಾರಿ, ಅದರ ತೂತುಗಳು ಕೊಳವೆಗಳ ಬುಡಕ್ಕೆ ಸರಿಯಾಗಿ ಬಂದು ಆ ಸಾಲು ನುಡಿಯಲು ಸಿದ್ಧವಾಗುತ್ತದೆ. ಕೀಲಿಯನ್ನು ಒತ್ತಿದಾಗ ತೆಳ್ಳನೆಯ ಮರದ ಸಲಾಕೆಗಳ ಸರಣಿಯೊಂದು ಪೆಟ್ಟಿಗೆಯೊಳಗಿನ ಚರ್ಮ ಹೊದಿಸಿದ ಕವಾಟವನ್ನು ಎಳೆದು ತೆರೆಯುತ್ತದೆ. ಬೆರಳಿನಿಂದ ಕವಾಟದವರೆಗೆ ಬರೀ ಮರ, ತಂತಿ, ಚರ್ಮ. ಹಳೆಯ ಡಚ್ ಆರ್ಗನ್‌ಗಳಲ್ಲಿ ಇಂದಿಗೂ ಇದೇ ಏರ್ಪಾಡು.

ಕೊಳವೆಗಳ ಅಳತೆಯನ್ನು ಅಡಿಗಳಲ್ಲಿ ಹೇಳುವುದು ವಾಡಿಕೆ. ಎಂಟಡಿಯ ಸ್ಟಾಪ್ ಎಂದರೆ ಕೀಲಿಮಣೆಯ ಅತ್ಯಂತ ಕೆಳಗಿನ ಸ್ವರಕ್ಕೆ ಸುಮಾರು ಎಂಟಡಿ ಉದ್ದದ ತೆರೆದ ಕೊಳವೆ ಬೇಕಾದ ಸಾಲು. ಉದ್ದ ಇಮ್ಮಡಿಯಾದರೆ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಮೂವತ್ತೆರಡು ಅಡಿಯ ಕೊಳವೆಯ ನಾದ ಸೆಕೆಂಡಿಗೆ ಹದಿನಾರರಷ್ಟು ಕಂಪನಗಳದು. ಅದನ್ನು ಕಿವಿಗಿಂತ ಹೆಚ್ಚಾಗಿ ಕೂತ ಬೆಂಚು ಗುರುತಿಸುತ್ತದೆ.

ಈಗ ಗಂಟಿಗೆ ಬರುತ್ತೇನೆ. 1566ರ ಬೇಸಿಗೆಯಲ್ಲಿ ಆ ಪ್ರಾಂತ್ಯಗಳಲ್ಲೆಲ್ಲ ವಿಗ್ರಹಭಂಜನೆಯ ಅಲೆಯೊಂದು ಹಬ್ಬಿ, ಚರ್ಚುಗಳ ಪ್ರತಿಮೆಗಳು, ಚಿತ್ರಗಳು, ಕೆಲವೆಡೆ ಆರ್ಗನ್‌ಗಳೂ ನಾಶವಾದವು. ಬಳಿಕ ಸ್ಪೇನಿನ ದೊರೆಯ ವಿರುದ್ಧ ದಂಗೆ ಎದ್ದ ಊರುಗಳು ಒಂದೊಂದಾಗಿ ಪ್ರಾಟೆಸ್ಟಂಟರ ಒಂದು ಶಾಖೆಯಾದ ಕ್ಯಾಲ್ವಿನ್ ಪಂಥಕ್ಕೆ ಸೇರಿದವು. ಅಲ್ಕ್‌ಮಾರ್ 1573ರಲ್ಲಿ ಸ್ಪೇನಿನ ಮುತ್ತಿಗೆಯನ್ನು ತಡೆದು ನಿಂತ ಊರು. ಮರುವರ್ಷವೇ, ಅಂದರೆ 1574ರಲ್ಲಿ, ಡೋರ್ಡ್ರೆಕ್ಟ್‌ನಲ್ಲಿ ಸೇರಿದ ಪ್ರಾಂತೀಯ ಸಿನಡ್, ಅಂದರೆ ಧರ್ಮಸಭೆ, ಚರ್ಚುಗಳಲ್ಲಿ ಆರ್ಗನ್ ನುಡಿಸುವುದು ನಿಲ್ಲಬೇಕೆಂದು ತೀರ್ಮಾನಿಸಿತು. ಕ್ಯಾಲ್ವಿನ್ನನ ಅನುಯಾಯಿಗಳ ವಾದ ಸರಳವಾಗಿತ್ತು: ಆರಾಧನೆಯಲ್ಲಿ ದೇವರ ವಾಕ್ಯ ಅರ್ಥವಾಗಬೇಕು, ಮಾತಿಲ್ಲದ ನಾದ ಕಿವಿಗೆ ಹಿತವಾದರೂ ಬುದ್ಧಿಗೆ ಏನನ್ನೂ ತಲುಪಿಸದು, ಸಭೆಯವರೇ ಬೈಬಲ್ಲಿನ ದಾವೀದನ ಕೀರ್ತನೆಗಳನ್ನು ತಮ್ಮ ನುಡಿಯಲ್ಲಿ, ಒಂದೇ ರಾಗದಲ್ಲಿ, ವಾದ್ಯದ ನೆರವಿಲ್ಲದೆ ಹಾಡಿದರೆ ಸಾಕು.

ಆದರೆ ಆರ್ಗನ್ ಯಾರ ಸೊತ್ತು ಎಂಬ ಪ್ರಶ್ನೆಯನ್ನು ಸಿನಡ್ ಬಗೆಹರಿಸಲಾಗಲಿಲ್ಲ. ಚರ್ಚಿನ ಕಟ್ಟಡ, ಗೋಪುರ, ಗಂಟೆ, ಆರ್ಗನ್ ಇವುಗಳ ಮೇಲೆ ನಗರಸಭೆಗಳ ಹಿಡಿತ ಬಲವಾಗಿತ್ತು. ವಾದಕನಿಗೆ ಸಂಬಳ ಕೊಡುತ್ತಿದ್ದುದೂ ಅವೇ. ವರ್ತಕರೂ ಊರಿನ ಗಣ್ಯರೂ ಕೂಡಿದ್ದ ಆ ನಗರಸಭೆಗಳು ತಾವು ಹಣ ಸುರಿದು ಮಾಡಿಸಿದ, ಊರಿನ ಹೆಮ್ಮೆಯ ವಾದ್ಯವನ್ನು ಮುರಿದುಹಾಕಲು ಒಪ್ಪಲಿಲ್ಲ. ಕೊನೆಗೆ ಉಂಟಾದದ್ದು ತೀರಾ ಡಚ್ ಎನ್ನಬಹುದಾದ ಒಂದು ಹೊಂದಾಣಿಕೆ: ಪ್ರಾರ್ಥನೆ ನಡೆಯುವಾಗ ಆರ್ಗನ್ ಮೌನ, ಪ್ರಾರ್ಥನೆಗೆ ಮುಂಚೆ, ಅದು ಮುಗಿದ ಮೇಲೆ, ವಾರದ ಬೇರೆ ದಿನಗಳ ಸಂಜೆಗಳಲ್ಲಿ, ವಾದಕ ನಗರದ ಪರವಾಗಿ ನಾಗರಿಕರಿಗಾಗಿ ನುಡಿಸಬೇಕು. ಲೈಡನ್ ನಗರಸಭೆಯಂತೂ ಹದಿನಾರನೆಯ ಶತಮಾನದ ಕೊನೆಯಲ್ಲಿ, ಜನ ಹೆಂಡದಂಗಡಿಗಳತ್ತ ಹೋಗದಿರಲೆಂಬ ಕಾರಣವನ್ನೂ ಕೊಟ್ಟು ಇಂಥ ವಾದನಕ್ಕೆ ವ್ಯವಸ್ಥೆ ಮಾಡಿತ್ತು. ಆಗಿನ ಡಚ್ ಚರ್ಚೆಂದರೆ ಬರೀ ಪೂಜಾಸ್ಥಳವಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು. ಮಳೆ ಬಂದರೆ ಜನ ಅಲ್ಲಿ ಅಡ್ಡಾಡುತ್ತಿದ್ದರು, ವ್ಯವಹಾರ ಮಾತಾಡುತ್ತಿದ್ದರು, ನಾಯಿಗಳೂ ಜೊತೆಗೆ ಬರುತ್ತಿದ್ದವು. ಆ ಕಾಲದ ಚಿತ್ರಕಾರರು ಬರೆದ ಚರ್ಚಿನ ಒಳಾಂಗಣದ ಚಿತ್ರಗಳಲ್ಲಿ ಇದೆಲ್ಲ ಕಾಣಿಸುತ್ತದೆ.

ಈ ಹೊಂದಾಣಿಕೆಯಿಂದ ಸಂಗೀತಕ್ಕಾದ ಲಾಭ ಅಷ್ಟಿಷ್ಟಲ್ಲ. ಪೂಜಾವಿಧಿಗೆ ಕಟ್ಟುಬಿದ್ದ ವಾದಕ ಪಾದ್ರಿಯ ಮಂತ್ರಕ್ಕೆ ಉತ್ತರವಾಗಿ ನಾಲ್ಕು ಸಾಲು ನುಡಿಸಿ ನಿಲ್ಲಿಸಬೇಕು. ವಿಧಿಯಿಂದ ಬಿಡುಗಡೆ ಪಡೆದವನಿಗೆ ಒಂದು ರಾಗವನ್ನು ಎತ್ತಿಕೊಂಡು ಕಾಲು ಗಂಟೆ ಬೆಳೆಸುವ ಅವಕಾಶ. ಆ ಅವಕಾಶವನ್ನು ಪೂರ್ತಿಯಾಗಿ ಬಳಸಿಕೊಂಡವನು ಯಾನ್ ಪೀಟರ್‌ಸ್ಜೋನ್ ಸ್ವೇಲಿಂಕ್. ಹುಟ್ಟಿದ್ದು 1562ರಲ್ಲಿ. ಆಮ್‌ಸ್ಟರ್‌ಡ್ಯಾಮ್‌ನ ಹಳೆಯ ಚರ್ಚಿನಲ್ಲಿ ಅವನ ತಂದೆ ಆರ್ಗನ್ ವಾದಕ, ಅನಂತರ ಇವನು, ಇವನ ಬಳಿಕ ಇವನ ಮಗ. ಆಮ್‌ಸ್ಟರ್‌ಡ್ಯಾಮ್ 1578ರಲ್ಲಿ ಪ್ರಾಟೆಸ್ಟಂಟ್ ಕೈಗೆ ಬಂದ ಮೇಲೆ ಅವನು ನಗರದ ನೌಕರ, 1621ರಲ್ಲಿ ತೀರಿಕೊಳ್ಳುವವರೆಗೂ ಅದೇ ಚರ್ಚು, ಅದೇ ಕೆಲಸ, ಸಮಾಧಿಯೂ ಅಲ್ಲೇ. ಪ್ರಾರ್ಥನೆಯಲ್ಲಿ ಒಂದು ಸ್ವರವನ್ನೂ ನುಡಿಸಬೇಕಿಲ್ಲದ ಚರ್ಚ್ ವಾದಕನೊಬ್ಬ ಆ ಕಾಲದ ಯುರೋಪಿನ ಅತ್ಯಂತ ದೊಡ್ಡ ಆರ್ಗನ್ ಗುರುವಾದ. ಅವನ ಫ್ಯಾಂಟಸಿಯಾ ಎಂಬ ರಚನೆಗಳಲ್ಲಿ ಒಂದೇ ಒಂದು ಸ್ವರಪಂಕ್ತಿ ಮೊದಲು ನಿಧಾನವಾಗಿ, ಆಮೇಲೆ ಕಾಲಮಾನ ಹಿಗ್ಗಿಸಿ, ಕೊನೆಗೆ ಕುಗ್ಗಿಸಿ, ಬೇರೆ ಬೇರೆ ಧ್ವನಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪಲ್ಲವಿಯನ್ನು ಅನುಲೋಮ ಪ್ರತಿಲೋಮಗಳಲ್ಲಿ ಕೇಳಿದ ಕಿವಿಗೆ ಈ ಲೆಕ್ಕಾಚಾರದ ಸುಖ ಹೊಸದೇನಲ್ಲ. ನಮ್ಮ ಕೂಟದಲ್ಲಿ ಅಂದು ಕೇಳಿಸಿದ್ದು ಅವನ ಪ್ರತಿಧ್ವನಿ ಫ್ಯಾಂಟಸಿಯಾಗಳಲ್ಲಿ ಒಂದು: ಒಂದು ಕೀಲಿಮಣೆಯ ಮೇಲೆ ನುಡಿಸಿದ ತುಣುಕು ಇನ್ನೊಂದರ ಮೇಲೆ ಮೆಲ್ಲಗೆ ಮರುಕಳಿಸುವ ರಚನೆ.

ಹ್ಯಾಂಬರ್ಗ್ ಮೊದಲಾದ ಉತ್ತರ ಜರ್ಮನಿಯ ನಗರಗಳು ತಮ್ಮ ಯುವ ವಾದಕರನ್ನು ಅವನ ಬಳಿ ಕಲಿಯಲು ಕಳಿಸಿದವು. ಹೈನ್‌ರಿಶ್ ಶೈಡೆಮಾನ್, ಯಾಕೋಬ್ ಪ್ರಿಟೋರಿಯಸ್, ಸಾಮುಯೆಲ್ ಶೈಟ್ ಇವರೆಲ್ಲ ಅವನ ಶಿಷ್ಯರು. ಶೈಡೆಮಾನ್‌ನ ಶಿಷ್ಯ ರೈನ್‌ಕೆನ್. ಡೆವೆಂಟರ್‌ನಿಂದ ಹ್ಯಾಂಬರ್ಗಿಗೆ ಹೋಗಿ ಅಲ್ಲಿ ಮುಪ್ಪಾಗುವವರೆಗೂ ನುಡಿಸಿದವನು. 1720ರಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ ಅವನ ಎದುರು ಕೂತು ನುಡಿಸಿದ. ಹೀಗೆ ಮೂರು ತಲೆಮಾರಿನ ಗುರುಶಿಷ್ಯ ಪರಂಪರೆಯೊಂದು ಆಮ್‌ಸ್ಟರ್‌ಡ್ಯಾಮ್‌ನಿಂದ ಬಾಖ್‌ನ ಹೊಸ್ತಿಲವರೆಗೆ ಬರುತ್ತದೆ. ಸ್ವೇಲಿಂಕ್ ನುಡಿಸುತ್ತಿದ್ದ, ಹೆಂಡ್ರಿಕ್ ನೀಹಾಫ್ ಕಟ್ಟಿದ್ದ ದೊಡ್ಡ ಆರ್ಗನ್ ಮಾತ್ರ ಈಗ ಆಮ್‌ಸ್ಟರ್‌ಡ್ಯಾಮ್‌ನ ಹಳೆಯ ಚರ್ಚಿನಲ್ಲಿಲ್ಲ. ಇಂದು ಆ ಚರ್ಚಿನಲ್ಲಿರುವುದು 1720ರ ದಶಕದ ಕ್ರಿಸ್ಟಿಯಾನ್ ಫಾಟರ್‌ನ ವಾದ್ಯ. ಸ್ವೇಲಿಂಕ್‌ನ ಮುಖವನ್ನು ಬಹುಮಂದಿ ಡಚ್ಚರು ನೋಡಿದ್ದು ಚರ್ಚಿನಲ್ಲಲ್ಲ, 1971ರಲ್ಲಿ ಬಂದ ಇಪ್ಪತ್ತೈದು ಗಿಲ್ಡರ್ ನೋಟಿನ ಮೇಲೆ.

ಇತ್ತ ವಾದ್ಯವಿಲ್ಲದ ಸಭೆಯ ಹಾಡು ಏನಾಗಿತ್ತು? ಪೇಟ್ರುಸ್ ದಾಥೇನಸ್ 1566ರಲ್ಲಿ ಡಚ್ ಪದ್ಯಕ್ಕೆ ತಂದ ಕೀರ್ತನೆಗಳನ್ನು ಜಿನೀವಾದ ಧಾಟಿಗಳಿಗೆ ಹಾಡಬೇಕಿತ್ತು. ಆ ಧಾಟಿಗಳಲ್ಲಿ ಗಿಡ್ಡ ಸ್ವರ, ಉದ್ದ ಸ್ವರಗಳ ಚೆಲುವಾದ ನಡೆಯಿದೆ. ಆದರೆ ಸಾವಿರಾರು ಜನ ಕೂರುವ, ಕಲ್ಲುಗೋಡೆಗಳಿಗೆ ಬಡಿದ ದನಿ ಹಲವು ಸೆಕೆಂಡು ತೇಲುವ ಚರ್ಚಿನಲ್ಲಿ, ಮುಂದೆ ನಿಂತ ಒಬ್ಬ ಹಾಡುಗಾರನ ಕಂಠವನ್ನು ನಂಬಿ ಹಾಡಿದರೆ ಹಿಂದಿನ ಸಾಲಿನವರಿಗೆ ಅವನು ಕೇಳಿಸುವಷ್ಟರಲ್ಲಿ ಮುಂದಿನವರು ಮುಂದಿನ ಪದಕ್ಕೆ ಹೋಗಿರುತ್ತಾರೆ. ಒಬ್ಬರಿಗೊಬ್ಬರು ಕಾಯುತ್ತ ಕಾಯುತ್ತ ಲಯ ಸತ್ತು, ಪ್ರತಿ ಸ್ವರವೂ ಒಂದೇ ಉದ್ದದ, ಒಂದೊಂದು ಉಸಿರಿನಷ್ಟು ದೀರ್ಘವಾದ ಎಳೆತವಾಯಿತು. ಶ್ರುತಿಯಂತೂ ಹಾಡು ಮುಗಿಯುವ ಹೊತ್ತಿಗೆ ಎಲ್ಲೋ ಇಳಿದಿರುತ್ತಿತ್ತು.

ಇದನ್ನು ಸಹಿಸದೆ ಬರೆದವನು ಕಾನ್‌ಸ್ಟಂಟೈನ್ ಹೈಗನ್ಸ್. ಕವಿ, ಆರೆಂಜ್ ರಾಜಕುಮಾರನ ಕಾರ್ಯದರ್ಶಿ, ಸ್ವತಃ ಹಲವು ವಾದ್ಯಗಳನ್ನು ಬಲ್ಲವನು. ಬೆಳಕಿನ ತರಂಗಸಿದ್ಧಾಂತದಿಂದ ನಮಗೆಲ್ಲ ಹೆಸರು ಗೊತ್ತಿರುವ ಹೈಗನ್ಸ್ ಇವನ ಮಗ. 1641ರಲ್ಲಿ ಅವನು ಹೆಸರು ಹಾಕದೆ ಲೈಡನ್‌ನಲ್ಲಿ ಅಚ್ಚು ಹಾಕಿಸಿದ ಕಿರುಹೊತ್ತಗೆಯ ವಾದ ಎರಡು ಅಲಗಿನದು. ಪ್ರವಚನ ಮುಗಿದ ಕೂಡಲೆ ಆರ್ಗನ್ನಿನಲ್ಲಿ ಲೌಕಿಕ ಹಾಡುಗಳನ್ನು ನುಡಿಸಿ ಜನರ ಮನಸ್ಸನ್ನು ಚದುರಿಸುವುದು ವಾದ್ಯದ ದುರ್ಬಳಕೆ. ನಿಜವಾಗಿ ಎಲ್ಲಿ ಬೇಕೋ, ಅಂದರೆ ದಿಕ್ಕುತಪ್ಪಿದ ಸಭೆಯ ಹಾಡಿಗೆ ಶ್ರುತಿಯನ್ನೂ ನಡೆಯನ್ನೂ ಕೊಡುವಲ್ಲಿ, ಅದನ್ನು ಸುಮ್ಮನೆ ಕೂರಿಸಿರುವುದು ಇನ್ನೊಂದು ತಪ್ಪು. ಅದೇ ವರ್ಷ ಹೇಗ್ ನಗರದಿಂದ ಅವನಿಗೆ ಕಟುವಾದ ಲಿಖಿತ ಉತ್ತರವೊಂದು ಬಂತು. ಆದರೆ ಗಾಳಿ ತಿರುಗಿತ್ತು. ಲೈಡನ್‌ನಂಥ ಊರುಗಳು ಸಭೆಯ ಹಾಡಿನೊಂದಿಗೆ ಆರ್ಗನ್ ನುಡಿಸುವುದನ್ನು 1630ರ ದಶಕದಲ್ಲೇ ಆರಂಭಿಸಿದ್ದವು. ಒಂದೊಂದಾಗಿ ಬೇರೆ ಊರುಗಳು ಸೇರಿಕೊಂಡವು. ಆಮ್‌ಸ್ಟರ್‌ಡ್ಯಾಮ್ 1680ರವರೆಗೆ ಕಾದಿತು.

ಅಲ್ಕ್‌ಮಾರ್‌ನ ದೊಡ್ಡ ಆರ್ಗನ್ ಹುಟ್ಟಿದ್ದು ಈ ತಿರುವಿನ ನಡುವೆಯೇ. ಹಾಗರ್‌ಬೇರ್ ಮನೆತನದ ಕುಶಲಕರ್ಮಿಗಳು ಅದನ್ನು ಕಟ್ಟಿದರು. ಮರದ ಹೊರಮೈಯನ್ನು ವಿನ್ಯಾಸ ಮಾಡಿದವನು ಯಾಕೋಬ್ ವಾನ್ ಕಾಂಪೆನ್, ಮುಂದೆ ಆಮ್‌ಸ್ಟರ್‌ಡ್ಯಾಮ್‌ನ ಪುರಭವನವನ್ನು, ಅಂದರೆ ಇಂದಿನ ಅರಮನೆಯನ್ನು, ರೂಪಿಸಿದ ವಾಸ್ತುಶಿಲ್ಪಿ. ವಾದ್ಯಕ್ಕೆ ಕದಗಳಿವೆ, ಮುಚ್ಚಿದಾಗ ಅವುಗಳ ಮೇಲೆ ಸೇಸರ್ ವಾನ್ ಎವರ್‌ಡಿಂಗೆನ್ ಬರೆದ ಭಾರೀ ಚಿತ್ರ ಕಾಣುತ್ತದೆ: ಗೊಲ್ಯಾತನನ್ನು ದಾವೀದ ಕೊಂದ ಮೇಲೆ ಸೌಲ ಅರಸನ ವಿಜಯಯಾತ್ರೆ. ಚಿತ್ರಗಳೇ ಬೇಡವೆಂದು ಗೋಡೆಗಳಿಗೆಲ್ಲ ಸುಣ್ಣ ಬಳಿದುಕೊಂಡ ಪಂಥದ ಚರ್ಚಿನಲ್ಲಿ ಬಣ್ಣಕ್ಕೆ ಉಳಿದ ಜಾಗ ಆರ್ಗನ್ನಿನ ಕದ. ನಗರಸಭೆಯ ಸೊತ್ತಾದದ್ದರಿಂದಲೇ ಅದಕ್ಕೆ ಆ ರಿಯಾಯಿತಿ ದಕ್ಕಿತೆಂದು ನನ್ನ ಎಣಿಕೆ.

ಇಷ್ಟಾದರೂ ಹಾಗರ್‌ಬೇರ್‌ಗಳ ಕಿವಿಯಲ್ಲಿದ್ದದ್ದು ಹಳೆಯ ಸಂಗೀತ. ಎಂಬತ್ತು ವರ್ಷಗಳ ಬಳಿಕ, 1722ರಲ್ಲಿ, ಗ್ರೋನಿಂಗನ್ ಕಡೆಯಿಂದ ಬಂದ ಗೆರ್‌ಹಾರ್ಡಸ್ ಹಾವಿಂಗಾ ಅಲ್ಲಿ ವಾದಕನಾದ. ಈ ವಾದ್ಯಕ್ಕೆ ಮಂದ್ರದಲ್ಲಿ ಬಲವಿಲ್ಲ, ಸಭೆಯನ್ನು ಹೊತ್ತೊಯ್ಯುವ ಗಾಂಭೀರ್ಯ ಸಾಲದು ಎಂದು ಅವನ ದೂರು. ಅವನ ಮಾತಿಗೊಪ್ಪಿ ನಗರದವರು ಫ್ರಾನ್ಸ್ ಕಾಸ್ಪರ್ ಶ್ನಿಟ್ಗರ್‌ನನ್ನು ಕರೆಸಿದರು. ಅವನು ಹೊರಮೈಯನ್ನೂ ಹಳೆಯ ಕೊಳವೆಗಳಲ್ಲಿ ಬಹಳಷ್ಟನ್ನೂ ಉಳಿಸಿಕೊಂಡು 1725ರ ಹೊತ್ತಿಗೆ ಒಳಗನ್ನು ಹೊಸದಾಗಿ ಕಟ್ಟಿದ. ಹಾಲೆಂಡ್ ಪ್ರಾಂತ್ಯದಲ್ಲಿ ಪರಿಚಿತವಲ್ಲದಂಥ ಘನವಾದ, ಸ್ವತಂತ್ರವಾದ, ಕಾಲಿನಿಂದ ನುಡಿಸುವ ಪೆಡಲ್ ವಿಭಾಗ ಬಂತು. ಇದಕ್ಕೆ ಇತರ ವಾದಕರಿಂದ ಆಕ್ಷೇಪಗಳು ಬಂದವು. ಹಾವಿಂಗಾ 1727ರಲ್ಲಿ ಆರ್ಗನ್ನಿನ ಚರಿತ್ರೆಯನ್ನೇ ಬರೆದು ಅವರಿಗೆ ಉತ್ತರ ಕೊಟ್ಟ. ಸುಮಾರು ಎಂಬತ್ತು ವರ್ಷ ಹಳೆಯ ಸಂಗೀತವಾದ್ಯವೊಂದನ್ನು ಮುಟ್ಟಬಹುದೇ, ಮುಟ್ಟಿದರೆ ಎಷ್ಟು ಎಂಬ ವಾದ ಅಲ್ಲಿ ಆಗಲೇ ಬಹಿರಂಗವಾಗಿ ನಡೆದಿತ್ತೆಂಬುದು ಗಮನಾರ್ಹ.

ನಮ್ಮ ಶ್ರುತಿಜ್ಞಾನಕ್ಕೆ ಹತ್ತಿರವಾದ ಒಂದು ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಸ್ವೇಲಿಂಕ್ ಕಾಲದ ಆರ್ಗನ್‌ಗಳ ಶ್ರುತಿ ಇಂದಿನ ಪಿಯಾನೋ, ಹಾರ್ಮೋನಿಯಂಗಳದ್ದಲ್ಲ. ಆಗಿನ ಪದ್ಧತಿಯಲ್ಲಿ ಷಡ್ಜದಿಂದ ಅಂತರ ಗಾಂಧಾರಕ್ಕೆ ಇರುವ ಅಂತರವನ್ನು ಸರಿಯಾಗಿ ನಾಲ್ಕಕ್ಕೆ ಐದರ ಪ್ರಮಾಣದಲ್ಲಿ ಇಡುತ್ತಿದ್ದರು. ಚೆನ್ನಾಗಿ ಶ್ರುತಿ ಸೇರಿಸಿದ ತಂಬೂರಿಯ ಮಂದ್ರ ತಂತಿಯಿಂದ ತಾನಾಗಿ ಕೇಳಿಬರುವ ಸ್ವಯಂಭೂ ಗಾಂಧಾರ ಅದೇ. ಸಮಾನ ಶ್ರುತಿಯ ಹಾರ್ಮೋನಿಯಂನ ಗಾಂಧಾರ ಅದಕ್ಕಿಂತ ಅರ್ಧಸ್ವರದ ಏಳನೆಯ ಒಂದು ಭಾಗದಷ್ಟು ಏರಿರುತ್ತದೆ. ಅದನ್ನು ಕೇಳಿ ಮುಖ ಸಿಂಡರಿಸುವ ವಿದ್ವಾಂಸರನ್ನು ನಾವೆಲ್ಲ ಕಂಡಿದ್ದೇವೆ. ಶುದ್ಧ ಗಾಂಧಾರಕ್ಕಾಗಿ ಹಳೆಯ ಆರ್ಗನ್ ತೆತ್ತ ಬೆಲೆಯೆಂದರೆ, ಪಂಚಮಗಳನ್ನು ತುಸು ತಗ್ಗಿಸಬೇಕಾಯಿತು, ಮತ್ತು ಷಡ್ಜವನ್ನು ದೂರದ ಕೆಲವು ಕೀಲಿಗಳಿಗೆ ಸರಿಸಿ ನುಡಿಸಿದರೆ ಒಂದು ಪಂಚಮ ತೋಳದಂತೆ ಊಳಿಡುತ್ತಿತ್ತು. ಆ ಕರ್ಕಶಕ್ಕೆ ಅವರು ಇಟ್ಟ ಹೆಸರೂ ತೋಳವೇ. ಲೈಡನ್‌ನ ಸಂತ ಪೇತ್ರನ ಚರ್ಚಿನಲ್ಲಿರುವ ಹಾಗರ್‌ಬೇರ್ ಆರ್ಗನ್ ಇಂದಿಗೂ ಈ ಹಳೆಯ ಶ್ರುತಿಯಲ್ಲಿದೆ. ಕರ್ನಾಟಕ ಸಂಗೀತ ಕೇಳಿ ಬೆಳೆದವರು ಮೊದಲ ಬಾರಿ ಆರ್ಗನ್ ಕೇಳುವುದಾದರೆ ಅಂಥದರಲ್ಲಿ ಕೇಳಲಿ. ಆ ನಿಶ್ಚಲವಾದ ಗಾಂಧಾರದಲ್ಲಿ ಪರಕೀಯವೆನಿಸುವುದು ಏನೂ ಇಲ್ಲ.

ಸಭೆಯ ಹಾಡಿನ ನಡಿಗೆ ಮಾತ್ರ ಆರ್ಗನ್ ಬಂದ ಮೇಲೂ ಚುರುಕಾಗಲಿಲ್ಲ. 1773ರಲ್ಲಿ ಸರ್ಕಾರದ ಒತ್ತಾಸೆಯಿಂದ ಕೀರ್ತನೆಗಳ ಹೊಸ ಪದ್ಯಾನುವಾದ ಬಂದು, ಅದರೊಂದಿಗೆ ಬೇಗ ಬೇಗ ಹಾಡುವ ಹೊಸ ಧಾಟಿಯನ್ನೂ ತರಲು ಹೊರಟಾಗ, ಮಾಸ್ಲಾಯ್ಸ್, ವ್ಲಾರ್ಡಿಂಗನ್ ಮುಂತಾದ ಮೀನುಗಾರರ ಊರುಗಳಲ್ಲಿ 1775-76ರ ಸುಮಾರಿಗೆ ಗಲಭೆಗಳೇ ನಡೆದವು. ಕೀರ್ತನೆ ಗಲಭೆ ಎಂದೇ ಅದಕ್ಕೆ ಹೆಸರು. ತಮ್ಮ ಅಜ್ಜಂದಿರು ಹಾಡಿದ ಹಳೆಯ ಮಾತುಗಳನ್ನು, ಆ ನಿಧಾನದ ಎಳೆತವನ್ನು ಕಿತ್ತುಕೊಳ್ಳಬಾರದೆಂದು ಜನ ಬೀದಿಗಿಳಿದರು. ಅದೇ ಮಾಸ್ಲಾಯ್ಸ್‌ನ ಚರ್ಚಿನಲ್ಲಿ ರುಡಾಲ್ಫ್ ಗಾರೆಲ್ಸ್ 1732ರಲ್ಲಿ ಕಟ್ಟಿದ, ಊರಿನ ಶ್ರೀಮಂತನೊಬ್ಬನ ಕೊಡುಗೆಯಾದ ಸುಂದರ ಆರ್ಗನ್ ಇತ್ತು, ಈಗಲೂ ಇದೆ. ಪ್ರತಿ ಸ್ವರಕ್ಕೂ ಸಮಾನ ಉದ್ದ ಕೊಟ್ಟು ಹಾಡುವ ಪದ್ಧತಿ ಇಂದಿಗೂ ಆ ದೇಶದ ಕಟ್ಟಾ ಸಂಪ್ರದಾಯದ ಸಭೆಗಳಲ್ಲಿ ಉಳಿದಿದೆ. ನಾನು ಮೊದಲು ಕೇಳಿದಾಗ ಅದು ಬೇಸರದ ಪರಮಾವಧಿ ಎನಿಸಿತ್ತು. ಎರಡು ಮೂರು ಬಾರಿ ಕೇಳಿದ ಮೇಲೆ, ವಿಳಂಬದಲ್ಲಿ ಇಡೀ ಸಭೆ ಒಂದೇ ಉಸಿರು ಎಳೆದುಕೊಳ್ಳುವ ಆ ಕ್ಷಣಕ್ಕಾಗಿ ಕಾಯತೊಡಗಿದೆ.

ಕಸುಬಿನ ಮಾತಿಗೆ ಬರೋಣ. ಕೊಳವೆಗಳ ಲೋಹ ತವರ ಮತ್ತು ಸೀಸದ ಮಿಶ್ರಣ. ಮರದ ಚೌಕಟ್ಟಿನ ಪೆಟ್ಟಿಗೆಗೆ ಕರಗಿದ ಲೋಹವನ್ನು ಸುರಿದು, ಉದ್ದನೆಯ ಕಲ್ಲಿನ ಅಥವಾ ಮರಳಿನ ಹಾಸಿನ ಮೇಲೆ ಅದನ್ನು ಒಂದೇ ಓಟದಲ್ಲಿ ಎಳೆದುಕೊಂಡು ಹೋಗುತ್ತಾರೆ. ಹಿಂದೆ ತೆಳುವಾದ ಹಾಳೆ ಉಳಿಯುತ್ತದೆ. ಓಟದ ವೇಗ ಹಾಳೆಯ ದಪ್ಪವನ್ನು ನಿರ್ಧರಿಸುತ್ತದೆ, ನಡುವೆ ತಡೆದರೆ ಹಾಳೆ ಕೆಟ್ಟಂತೆ. ಆರಿದ ಹಾಳೆಯನ್ನು ಬಡಿದು, ಕೆತ್ತಿ ಹದಗೊಳಿಸಿ, ಅಳತೆಗೆ ಕತ್ತರಿಸಿ, ಮರದ ಅಚ್ಚಿನ ಮೇಲೆ ಸುರುಳಿಯಾಗಿ ಬಗ್ಗಿಸಿ, ಅಂಚುಗಳನ್ನು ಬೆಸೆಯುತ್ತಾರೆ. ಬೆಸುಗೆ ಬೇಡದ ಕಡೆ ಹರಿಯದಂತೆ ಅಂಚಿನ ಎರಡು ಬದಿಗೂ ಸುಣ್ಣದಪುಡಿ ಮತ್ತು ಅಂಟಿನ ಲೇಪ ಬಳಿದಿರುತ್ತಾರೆ. ಇಷ್ಟರವರೆಗಿನದು ಕಲಿತರೆ ಬರುವ ಕೆಲಸ. ಬಳಿಕ ಕೊಳವೆಗೆ ದನಿ ಕೊಡುವವನೊಬ್ಬನಿದ್ದಾನೆ. ಕೊಳವೆಯ ಬಾಯಿಯ ಮೇಲ್ತುಟಿಯನ್ನು ಕೂದಲೆಳೆಯಷ್ಟು ಕತ್ತರಿಸುವುದು, ಗಾಳಿ ಬರುವ ಸೀಳನ್ನು ಹಿಗ್ಗಿಸುವುದು, ಬುಡದ ತೂತನ್ನು ಕಿರಿದಾಗಿಸುವುದು, ಹೀಗೆ ಒಂದೊಂದೇ ಕೊಳವೆಯನ್ನು ಅದೇ ಚರ್ಚಿನ ಗೋಡೆಗಳ ನಡುವೆ ನಿಲ್ಲಿಸಿಕೊಂಡು ನುಡಿಸಿ ನೋಡುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಒಮ್ಮೆ ಕತ್ತರಿಸಿದ ತುಟಿಯನ್ನು ಮತ್ತೆ ಬೆಳೆಸಲಾಗದು. ವೀಣೆಗೆ ಮೇಣದ ಮೇಲೆ ಮೆಟ್ಟಿಲು ಕೂರಿಸುವವನ ಕಿವಿಯ ತಾಳ್ಮೆಯನ್ನು ಐದು ಸಾವಿರ ಸಲ ಬೇಡುವ ಕಸುಬಿದು. ಐದು ಸಾವಿರ ಎಂದದ್ದು ಉತ್ಪ್ರೇಕ್ಷೆಯಲ್ಲ. ಕ್ರಿಸ್ಟಿಯಾನ್ ಮ್ಯುಲರ್ 1735ರಿಂದ 1738ರವರೆಗೆ ಹಾರ್ಲೆಮ್‌ನ ಸಂತ ಬಾವೋ ಚರ್ಚಿನಲ್ಲಿ ಕಟ್ಟಿದ ಆರ್ಗನ್ನಿನಲ್ಲಿ ಸುಮಾರು ಅಷ್ಟು ಕೊಳವೆಗಳಿವೆ. ಹ್ಯಾಂಡೆಲ್ ಅದನ್ನು ಕೇಳಲು ಬಂದಿದ್ದ. 1766ರಲ್ಲಿ ಹತ್ತು ವರ್ಷದ ಮೊಟ್ಸಾರ್ಟ್ ಅದನ್ನು ನುಡಿಸಿದ. ಅದು ಇಂದಿಗೂ ನಗರಸಭೆಯ ಸೊತ್ತು.

ತಿದಿ ಒತ್ತುವವರ ಬಗ್ಗೆ ಒಂದು ಮಾತು. ವಿದ್ಯುತ್ ಪಂಖ ಬರುವವರೆಗೆ, ಅಂದರೆ ಇಪ್ಪತ್ತನೆಯ ಶತಮಾನದ ಆರಂಭದವರೆಗೆ, ವಾದ್ಯದ ಹಿಂದಿನ ಕೋಣೆಯಲ್ಲಿ ಮರದ ಸನ್ನೆಗಳ ಮೇಲೆ ಮೈಭಾರ ಹಾಕಿ ತಿದಿಗಳನ್ನು ತುಂಬುವ ಕೂಲಿಯಾಳುಗಳಿದ್ದರು. ಅವರಿಲ್ಲದೆ ವಾದಕ ಅಭ್ಯಾಸವನ್ನೂ ಮಾಡುವಂತಿರಲಿಲ್ಲ. ಚಳಿಗಾಲದಲ್ಲಿ, ಕಾಯಿಸುವ ವ್ಯವಸ್ಥೆಯಿಲ್ಲದ ಚರ್ಚಿನಲ್ಲಿ ಬೆಚ್ಚಗೆ ಇರುತ್ತಿದ್ದವರು ಬಹುಶಃ ಅವರೊಬ್ಬರೇ. ಹಲವು ಹಳೆಯ ಆರ್ಗನ್‌ಗಳ ತಿದಿಕೋಣೆಯ ಹಲಗೆಗಳ ಮೇಲೆ ಅವರು ಗೀಚಿದ ಹೆಸರು, ಇಸವಿಗಳು ಉಳಿದಿವೆ. ವಾದಕರ ಹೆಸರು ನಗರದ ದಫ್ತರದಲ್ಲಿ, ಇವರದು ಹಲಗೆಯಲ್ಲಿ.

ಉಳಿಸಿಕೊಳ್ಳುವುದು ಎಂದರೇನೆಂದು ತಿಳಿಯಲು ಗ್ರೋನಿಂಗನ್‌ನ ಮಾರ್ಟಿನಿ ಚರ್ಚಿಗೆ ಹೋಗಬೇಕು. ಅಲ್ಲಿನ ಆರ್ಗನ್ನಿನ ಬೇರು ಹದಿನೈದನೆಯ ಶತಮಾನದ್ದು. ಫ್ರಾನ್ಸ್ ಕಾಸ್ಪರ್‌ನ ತಂದೆ, ಹ್ಯಾಂಬರ್ಗಿನ ಆರ್ಪ್ ಶ್ನಿಟ್ಗರ್, 1692ರಲ್ಲಿ ಅದನ್ನು ಹಿಗ್ಗಿಸಿ, ಇಕ್ಕೆಲಗಳಲ್ಲಿ ಮೂವತ್ತೆರಡು ಅಡಿಯ ತವರದ ಕೊಳವೆಗಳ ಗೋಪುರಗಳನ್ನು ನಿಲ್ಲಿಸಿದ. ಬಳಿಕ ಅವನ ಮಗನೂ, 1740ರಲ್ಲಿ ಆಲ್ಬರ್ಟಸ್ ಹಿನ್ಸ್ ಎಂಬವನೂ ಅದನ್ನು ಬೆಳೆಸಿದರು. ಯಾರೂ ಹಿಂದಿನವನ ಕೊಳವೆಗಳನ್ನು ಸುಮ್ಮನೆ ಎಸೆಯಲಿಲ್ಲ. ಜಿಪುಣತನವೋ ಗೌರವವೋ, ಎರಡೂ ಇರಬಹುದು. 1930ರ ದಶಕದ ಕೊನೆಯಲ್ಲಿ ಮಾತ್ರ ಆಧುನಿಕಗೊಳಿಸುವ ಹುಮ್ಮಸ್ಸಿನಲ್ಲಿ ಮರದ ಸಲಾಕೆಗಳನ್ನು ಕಿತ್ತು, ವಿದ್ಯುತ್ ಮತ್ತು ಗಾಳಿಯ ಒತ್ತಡದಿಂದ ನಡೆಯುವ ಏರ್ಪಾಡನ್ನು ಹಾಕಿದರು. ಕೆಲವೇ ದಶಕಗಳಲ್ಲಿ ಅದು ಹಳೆಯದಾಗಿ, ವಾದ್ಯ ತನ್ನ ದನಿಯನ್ನೇ ಕಳೆದುಕೊಂಡಿತೆಂಬ ಕೊರಗು ಹುಟ್ಟಿತು. ಕೊನೆಗೆ ಯುರ್ಗನ್ ಆರೆಂಟ್ ಎಂಬ ಜರ್ಮನ್ ಕುಶಲಕರ್ಮಿ, ಡಚ್ ತಜ್ಞ ಕೋರ್ ಎಡ್‌ಸ್ಕೆಸ್‌ನ ಸಲಹೆಯೊಂದಿಗೆ, 1976-77ರಲ್ಲಿ ಮತ್ತು 1983-84ರಲ್ಲಿ ಎರಡು ಹಂತಗಳಲ್ಲಿ ಅದನ್ನು 1740ರ ಸ್ಥಿತಿಗೆ ಹಿಂದಿರುಗಿಸಿದ. ಕಳೆದುಹೋಗಿದ್ದ ಸಾಲುಗಳನ್ನು ಉಳಿದವುಗಳ ಲೋಹ, ಅಳತೆ, ಗುರುತುಗಳನ್ನು ಓದಿ ಹೊಸದಾಗಿ ಮಾಡಬೇಕಾಯಿತು. 1740ನ್ನೇ ಏಕೆ ಆರಿಸಬೇಕು, 1692 ಏಕಲ್ಲ ಎಂದು ಕೇಳಿದರೆ, ಹಿನ್ಸ್‌ನನ್ನು ಅಳಿಸಿ ಶ್ನಿಟ್ಗರ್‌ನನ್ನು ಊಹಿಸುವುದಕ್ಕಿಂತ ಕೈಗೆ ಸಿಕ್ಕಿದ್ದನ್ನು ಉಳಿಸುವುದು ಪ್ರಾಮಾಣಿಕ ಎಂಬ ಉತ್ತರ ನನಗೆ ಒಪ್ಪಿಗೆಯಾಗುತ್ತದೆ.

ಇಲ್ಲಿ ಯುದ್ಧವೂ ಒಂದು ಪಾತ್ರ ವಹಿಸಿದೆ. ಮೊದಲನೆಯ ಮಹಾಯುದ್ಧದಲ್ಲಿ, 1917ರಲ್ಲಿ, ಜರ್ಮನಿ ತನ್ನ ಚರ್ಚುಗಳ ಆರ್ಗನ್‌ಗಳ ಮುಂಭಾಗದ ತವರದ ಕೊಳವೆಗಳನ್ನು ಯುದ್ಧಸಾಮಗ್ರಿಗಾಗಿ ಕಿತ್ತುಕೊಂಡಿತು. ಆರ್ಪ್ ಶ್ನಿಟ್ಗರ್‌ನ ತಾಯ್ನಾಡಿನಲ್ಲೇ ಅವನ ಎಷ್ಟೋ ಕೊಳವೆಗಳು ಹೀಗೆ ಹೋದವು. ತಟಸ್ಥವಾಗಿದ್ದ ನೆದರ್ಲೆಂಡ್ಸ್‌ನಲ್ಲಿ ಅವು ನಿಂತಲ್ಲೇ ನಿಂತಿದ್ದವು. ಎರಡನೆಯ ಯುದ್ಧ ಆ ದೇಶವನ್ನು ಬಿಡಲಿಲ್ಲ: 1940ರ ಮೇ 14ರ ಬಾಂಬು ದಾಳಿಯಲ್ಲಿ ರಾಟರ್‌ಡ್ಯಾಮ್‌ನ ಲಾರೆನ್ಸ್ ಚರ್ಚು ಆರ್ಗನ್ನಿನ ಸಮೇತ ಸುಟ್ಟುಹೋಯಿತು. ಈಗ ಅಲ್ಲಿರುವುದು ಡೆನ್ಮಾರ್ಕ್‌ನ ಮಾರ್ಕುಸೆನ್ ಕಾರ್ಯಾಗಾರ 1973ರಲ್ಲಿ ಮುಗಿಸಿದ, ದೇಶದಲ್ಲೇ ಅತಿ ದೊಡ್ಡದೆನಿಸಿದ ವಾದ್ಯ.

ಇಂದಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಸಭೆಗೆ ಹೋಗುವವರ ಸಂಖ್ಯೆ ಅಲ್ಲಿ ಕುಸಿದಿದೆ, ಚರ್ಚುಗಳು ಮುಚ್ಚುತ್ತಿವೆ, ಸಣ್ಣಪುಟ್ಟ ಆರ್ಗನ್‌ಗಳು ಬೇರೆ ದೇಶಗಳಿಗೆ ಮಾರಾಟವಾಗುತ್ತಿವೆ. ಅಲ್ಕ್‌ಮಾರ್‌ನ ದೊಡ್ಡ ಚರ್ಚಿನಲ್ಲಿ ಈಗ ವಾರದ ಆರಾಧನೆ ನಡೆಯುವುದಿಲ್ಲ. ಸಂಗೀತ ಕಛೇರಿ, ಪ್ರದರ್ಶನ, ಔತಣಗಳು ನಡೆಯುತ್ತವೆ. ಆಮ್‌ಸ್ಟರ್‌ಡ್ಯಾಮ್‌ನ ಮುಚ್ಚಿದ ಚರ್ಚೊಂದು 2007ರಿಂದ ಆರ್ಗನ್‌ಪಾರ್ಕ್ ಎಂಬ ಸಂಗೀತಮಂದಿರವಾಗಿದೆ; ಅಲ್ಲಿ ಹಲವು ಆರ್ಗನ್‌ಗಳು, ಕೇಳುಗರಿಗೆ ಮೆತ್ತೆಯ ಕುರ್ಚಿಗಳು. ಧರ್ಮಸಭೆ ಹಿಂದೆ ಸರಿದು ನಾಗರಿಕರು ವಾದ್ಯವನ್ನು ಸಾಕುವ ಸ್ಥಿತಿ ಸ್ವೇಲಿಂಕ್‌ಗೆ ಅಪರಿಚಿತವೆನಿಸುತ್ತಿರಲಿಲ್ಲ. ಸಂಬಳ ಕೊಡುವವರು ಈಗ ಕೈ ಬಿಗಿಹಿಡಿದಿದ್ದಾರೆ, ಅಷ್ಟೇ.

ಮಾತು ಮುಗಿದ ಮೇಲೆ, ಮುಂದಿನ ಸಾಲಿನಲ್ಲಿದ್ದ ಹಿರಿಯ ವೈಣಿಕರೊಬ್ಬರು, “ಅಲ್ಲ ಸ್ವಾಮಿ, ಇಷ್ಟೆಲ್ಲ ಕೊಳವೆ ಇಟ್ಟುಕೊಂಡು ಅದರಲ್ಲಿ ಒಂದು ತೋಡಿ ನುಡಿಸಲು ಸಾಧ್ಯವೇ?” ಎಂದು ಕೇಳಿದರು. ಸಾಧ್ಯವಿಲ್ಲ ಎಂದೇ ನಾನು ಹೇಳಬೇಕಾಯಿತು. ಕೊಳವೆಯ ಸ್ವರ ಅಲುಗದು, ಗಮಕಕ್ಕೆ ಅಲ್ಲಿ ಜಾಗವಿಲ್ಲ; ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದರೂ ನಾದ ಹೆಚ್ಚದು. ವಾದಕನ ಕೈಯಲ್ಲಿ ಉಳಿಯುವುದು ಎರಡೇ ಸಂಗತಿ: ಸ್ವರವನ್ನು ಯಾವಾಗ ಆರಂಭಿಸಬೇಕು, ಯಾವಾಗ ಬಿಡಬೇಕು. ಸ್ವೇಲಿಂಕ್‌ನ ಇಡೀ ಕಲೆ ಆ ಬಿಡುವಿನಲ್ಲಿದೆ. ಆದರೂ ಒಂದು ಸಣ್ಣ ವಿನಾಯಿತಿಯುಂಟು. ಮರದ ಸಲಾಕೆಗಳ ಹಳೆಯ ಆರ್ಗನ್ನಿನಲ್ಲಿ ಕೀಲಿಯನ್ನು ಅರ್ಧಕ್ಕಿಂತ ಕಡಿಮೆ, ತೀರಾ ಮೆಲ್ಲಗೆ ಒತ್ತಿದರೆ ಕವಾಟ ಕೊಂಚವೇ ತೆರೆದು, ಗಾಳಿ ಸಾಲದ ಕೊಳವೆ ತನ್ನ ಸ್ವರಕ್ಕಿಂತ ತುಸು ಕೆಳಗಿನಿಂದ ತಡವರಿಸುತ್ತ ಏರಿ ಬರುತ್ತದೆ. ಅದನ್ನೂ ಒಮ್ಮೆ ಕೇಳಿಸಿದೆ. ವೈಣಿಕರು ಕಣ್ಣುಮುಚ್ಚಿ ಕೇಳಿ, “ಗಾಂಧಾರ ಇನ್ನೂ ಸ್ವಲ್ಪ ಕೆಳಗಿನಿಂದ ಬರಬೇಕಿತ್ತು” ಎಂದರು.